ಹವಳ ಸತ್ತರೆ ಅಲೆಗೆ ತಡೆ ಯಾರು?

2023ರ ಡಿಸೆಂಬರ್ 1ರಂದು ತಾಹಿಟಿ ದ್ವೀಪದ ತೆಯಾಹುಪೋದಲ್ಲಿ ಒಂದು ಬಾರ್ಜ್ ಹವಳದಿಬ್ಬಕ್ಕೆ ತಾಗಿ ಹವಳಗಳನ್ನು ಮುರಿಯಿತು. ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆಯಬೇಕಿದ್ದದ್ದು ಅಲ್ಲೇ. ತೀರ್ಪುಗಾರರಿಗಾಗಿ ಕಡಲಲ್ಲಿ ಅಲ್ಯೂಮಿನಿಯಂ ಗೋಪುರ ಕಟ್ಟುವ ಮುನ್ನ ನಡೆಸಿದ ಪರೀಕ್ಷೆಯಲ್ಲಿ ಹೀಗಾಯಿತು. ಊರಿನ ಸರ್ಫರ್‌ಗಳು ಮತ್ತು ಮೀನುಗಾರರು ಮೊದಲೇ ಬೀದಿಗಿಳಿದಿದ್ದರು. ಅದರಿಂದಾಗಿ ಗೋಪುರದ ತೂಕ 14 ಟನ್‌ನಿಂದ 9 ಟನ್‌ಗೆ ಇಳಿದಿತ್ತು. ಹವಳ ಮುರಿದ ವಿಡಿಯೊ ಹಬ್ಬಿದ ಮೇಲೆ ಕೆಲಸ ಕೆಲಕಾಲ ನಿಂತಿತು.

ಹವಳ ಸತ್ತರೆ ಮೀನು ವಿಷವಾದೀತೆಂಬ ಅವರ ಭಯಕ್ಕೆ ವೈಜ್ಞಾನಿಕ ಆಧಾರವಿದೆ. ಸತ್ತ ಹವಳದ ಮೇಲೆ ಪಾಚಿ ಬೆಳೆಯುತ್ತದೆ, ಪಾಚಿಗೆ ಅಂಟಿಕೊಂಡು ವಿಷಕಾರಿ ಸೂಕ್ಷ್ಮಜೀವಿಗಳು ಬಾಳುತ್ತವೆ. ಆ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಊಟದ ತಟ್ಟೆಗೆ ಬರುತ್ತದೆ. ಸಿಗ್ವಾಟೆರಾ ಎಂಬ ಕಾಯಿಲೆ ತರುವ ಈ ವಿಷ ಎಷ್ಟು ಬೇಯಿಸಿದರೂ ಹೋಗದು, ನರಗಳನ್ನೇ ಬಾಧಿಸುತ್ತದೆ.

ಆದರೆ ಬಾರ್ಜ್‌ಗಿಂತ ದೊಡ್ಡ ಅಪಾಯ ಬಿಸಿಯಾಗುತ್ತಿರುವ ನೀರು. ಹವಳದ ಜೀವಿಗೆ ಆಹಾರ ಒದಗಿಸುವುದು ಅದರ ಮೈಯೊಳಗೇ ಇರುವ ಪಾಚಿ. ಬೇಸಿಗೆಯ ವಾಡಿಕೆಯ ಗರಿಷ್ಠ ತಾಪಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೂ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ. ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುವ ನಾಲ್ಕನೇ ವಿದ್ಯಮಾನ 2024ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು. ಮರುವರ್ಷದ ಹೊತ್ತಿಗೆ ಹವಳ ಪ್ರದೇಶದ ಶೇ 80ಕ್ಕೂ ಹೆಚ್ಚು ಭಾಗಕ್ಕೆ ಅದರ ಬಿಸಿ ತಟ್ಟಿತ್ತು. ಭೂಮಿಯ ತಾಪ ಕೈಗಾರಿಕಾ ಪೂರ್ವ ಕಾಲಕ್ಕಿಂತ 1.5 ಡಿಗ್ರಿ ಏರಿದರೆ ಹವಳದಿಬ್ಬಗಳಲ್ಲಿ ಶೇ 70ರಿಂದ 90ರಷ್ಟು ಅಳಿಯುತ್ತವೆ, 2 ಡಿಗ್ರಿ ಏರಿದರೆ ಶೇ 99ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2018ರಲ್ಲೇ ಎಚ್ಚರಿಸಿದೆ.

ಸತ್ತ ಹವಳ ಕ್ರಮೇಣ ಸವೆದು ತಗ್ಗುತ್ತದೆ, ಅಲೆಗಿದ್ದ ತಡೆಯೂ ಕುಗ್ಗುತ್ತದೆ. ಹವಳದಿಬ್ಬ ಅಲೆಯ ಶಕ್ತಿಯನ್ನು ಸರಾಸರಿ ಶೇ 97ರಷ್ಟು ಕುಗ್ಗಿಸುತ್ತದೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ತೆಯಾಹುಪೋದ ಪ್ರಸಿದ್ಧ ಅಲೆಗೆ ಆಕಾರ ಕೊಡುವುದೂ, ಅದೇ ಅಲೆಯಿಂದ ಊರನ್ನು ಕಾಯುವುದೂ ಒಂದೇ ದಿಬ್ಬ.

ನಮಗೆ ಹತ್ತಿರದ ಸಾಕ್ಷಿ ಲಕ್ಷದ್ವೀಪ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕದ್ಮತ್, ಕವರತ್ತಿಗಳ ಕಡಲಿಗಿಳಿದು 1998ರಿಂದ ಲೆಕ್ಕ ಇಟ್ಟಿದ್ದಾರೆ. ಆಗ ಸುಮಾರು ಶೇ 37ರಷ್ಟಿದ್ದ ಹವಳದ ಹೊದಿಕೆ 24 ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಒಂದು ಬಿಸಿಯ ಹೊಡೆತದಿಂದ ಏಳುವಷ್ಟರಲ್ಲಿ ಮತ್ತೊಂದು ಬಂದೆರಗುತ್ತಿದೆ. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರದ ಲಕ್ಷದ್ವೀಪದ ದ್ವೀಪಗಳಲ್ಲಿ ಒಟ್ಟು 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ದಿಬ್ಬ ತಗ್ಗಿದರೆ ಅವರು ನಿಲ್ಲುವುದೆಲ್ಲಿ?

ಕಡಲ ಕ್ರೀಡೆಯವರಿಗೆ ಇಲ್ಲಿ ದೊಡ್ಡ ಹೊಣೆಯಿದೆ ಎಂದು ನಾನು ನಂಬುತ್ತೇನೆ. ನೀರೊಳಗಿನ ಸಾವು ದಡದಲ್ಲಿರುವವರಿಗೆ ಕಾಣುವುದಿಲ್ಲ, ನೀರಿಗಿಳಿಯುವ ಈ ಕ್ರೀಡಾಪಟುಗಳಿಗೆ ಕಾಣುತ್ತದೆ. ಅವರ ಮಾತಿಗೆ ಕಿವಿಗೊಡುವ ಅಭಿಮಾನಿಗಳೂ ಇದ್ದಾರೆ. ವರ್ಷಕ್ಕೊಮ್ಮೆ ಬೀಚ್ ಗುಡಿಸಿ ಫೋಟೊ ತೆಗೆಸಿಕೊಂಡರೆ ನೀರು ತಣಿಯದು. ಬಿಸಿಗೆ ಮೂಲವಾದ ಕಲ್ಲಿದ್ದಲು, ತೈಲ, ಅನಿಲದ ಬಗ್ಗೆ ಅವರು ಮಾತಾಡಬೇಕು. ಕ್ರೀಡಾಕೂಟದ ಪ್ರಾಯೋಜಕರನ್ನೂ ಪ್ರಶ್ನಿಸಬೇಕು.

ನೇತ್ರಾಣಿಯಲ್ಲೋ ಲಕ್ಷದ್ವೀಪದಲ್ಲೋ ಸ್ಕೂಬಾಗೆ ಇಳಿಯುವವರಲ್ಲಿ ಒಂದು ವಿನಂತಿ. ಹವಳವನ್ನು ಮುಟ್ಟಬೇಡಿ, ತುಳಿಯಬೇಡಿ. ಬೆಳ್ಳಗಾದ ಹವಳ ಕಂಡರೆ ಚಿತ್ರ ತೆಗೆದು, ದಿನಾಂಕ, ಜಾಗ, ಆಳ ಬರೆದಿಟ್ಟು ಸಂಶೋಧಕರಿಗೆ ತಲುಪಿಸಿ.