ಫಾಂಟ್ ಹಾಕಿದ್ದೇವೆ, ಆದರೆ ಅಕ್ಷರ ಎಲ್ಲಿ?

ಯೂನಿಟ್ ಟೆಸ್ಟಿನ ದಿನ ಬೆಳಿಗ್ಗೆ ನಡೆದ ಸಂಗತಿ. ಒಂಬತ್ತನೇ ತರಗತಿಯ ಭೌತಶಾಸ್ತ್ರದ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಶಾಲೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅಂಕೆಗಳು ಸರಿ, ಇಂಗ್ಲಿಷಿನ ಏಕಮಾನಗಳೂ ಸರಿ. ಕನ್ನಡ ಇರಬೇಕಾದಲ್ಲೆಲ್ಲ ಸಾಲು ಸಾಲು ಚೌಕ. ಪಕ್ಕದಲ್ಲಿ ನಿಂತಿದ್ದ ಹುಡುಗಿ ಕೇಳಿದಳು: "ಟೀಚರೇ, ಇದು ಚೌಕ ಎಣಿಸುವ ಲೆಕ್ಕವಾ?"

ನಗು ಬಂತು, ಆದರೆ ಸಮಯ ಇರಲಿಲ್ಲ. ಪ್ರಶ್ನೆಗಳನ್ನು ಬೋರ್ಡಿನಲ್ಲೇ ಬರೆದೆ. ಚಿತ್ರದ ಪ್ರಶ್ನೆ ಬಿಟ್ಟುಹೋಯಿತು, ಮಕ್ಕಳಿಗೆ ಅರ್ಧ ಗಂಟೆ ನಷ್ಟ. ಇಲ್ಲಿ ಕಾಸರಗೋಡಿನಲ್ಲಿ ಕನ್ನಡದ ಪೇಪರ್ ಕೈಕೊಟ್ಟರೆ ಪಕ್ಕದ ಶಾಲೆಯಿಂದ ಇನ್ನೊಂದು ತರಿಸುವುದು ಸುಲಭ ಅಲ್ಲ. ಆದ್ದರಿಂದ ಆ ಚೌಕಗಳ ಕಾರಣ ಹುಡುಕಿಯೇ ಬಿಡೋಣ ಅಂತ ಸಂಜೆ ಕುಳಿತೆ. ತಪ್ಪು ನನ್ನದೇ ಆಗಿತ್ತು.

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಕೊಡುವ ಲಿನಕ್ಸ್ ಉಬುಂಟು ಆಧಾರಿತ. ನಾನು ರಜೆಯಲ್ಲಿ ಆ ಹಳೆಯ ಲ್ಯಾಪ್‌ಟಾಪಿಗೆ ಹಾಕಿದ್ದು ಹಗುರವಾದ ಡೆಬಿಯನ್. ಕನ್ನಡ ಫಾಂಟುಗಳು ಅದರಲ್ಲಿ ಇರಲಿಲ್ಲ. ಉಬುಂಟು ಹುಟ್ಟಿದ್ದು ಡೆಬಿಯನ್‌ನಿಂದಲೇ. ಪ್ಯಾಕೇಜ್ ಹಾಕುವ 'ಏಪ್ಟ್' ಎರಡರಲ್ಲೂ ಒಂದೇ ಆದ್ದರಿಂದ ಕೆಳಗಿನ ವಿಷಯ ಎರಡಕ್ಕೂ ಸಲ್ಲುತ್ತದೆ. ಆಜ್ಞೆಗಳನ್ನು ಉಚ್ಚಾರದ ಹಾಗೆ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲು ಲಕ್ಷಣ ನೋಡಿ

ಅಕ್ಷರ ಕೆಟ್ಟಿತು ಎಂದರೆ ಕಾರಣ ಒಂದೇ ಅಲ್ಲ. ಜ್ವರಕ್ಕೆಲ್ಲ ಒಂದೇ ಮಾತ್ರೆ ಆಗುತ್ತದೆಯೇ?

ಚೌಕಗಳು ಕಂಡರೆ, ಆ ಅಕ್ಷರದ ಚಿತ್ರ ಇರುವ ಫಾಂಟು ಯಾವುದೂ ಆ ಪ್ರೋಗ್ರಾಮಿಗೆ ಸಿಕ್ಕಿಲ್ಲ. ಈ ಚೌಕಗಳಿಗೆ ಕಂಪ್ಯೂಟರಿನವರು 'ಟೋಫು' ಎನ್ನುತ್ತಾರೆ. ಗೂಗಲ್‌ನ 'ನೋಟೋ' ಫಾಂಟುಗಳ ಹೆಸರು ಬಂದದ್ದೂ 'ಇನ್ನು ಟೋಫು ಬೇಡ' ಎಂಬ ಅರ್ಥದಿಂದಲೇ.

ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ, ಅದು ಹಳೆಯ ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ರೂಪ ತೊಡಿಸಿರುತ್ತಾರೆ. ಯುನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗ ಇದೆ. ಹಳೆಯ ಕಡತವನ್ನು ಪರಿವರ್ತಕದಿಂದ ಯುನಿಕೋಡಿಗೆ ಬದಲಿಸಬೇಕು. ಎಷ್ಟು ಯುನಿಕೋಡ್ ಫಾಂಟ್ ಹಾಕಿದರೂ ಅದು ಸರಿಯಾಗದು.

ಅಕ್ಷರ ಕಾಣುತ್ತದೆ, ಆದರೆ ಒತ್ತಕ್ಷರ ಬಿಡಿಬಿಡಿಯಾಗಿದೆ ಎಂದಾದರೆ, ಅಕ್ಷರ ಜೋಡಿಸುವ ಕೆಲಸದಲ್ಲಿ ತೊಂದರೆ. ಫಾಂಟ್ ಅಥವಾ ಪ್ರೋಗ್ರಾಮ್ ಬದಲಿಸಿ ನೋಡಬೇಕು.

ನನ್ನದು ಚೌಕದ ಕೇಸು.

ರಿಜಿಸ್ಟರ್ ಬೇರೆ, ಕಪಾಟು ಬೇರೆ

ಶಾಲೆಯ ಲೈಬ್ರರಿಯನ್ನು ನೆನಪಿಸಿಕೊಳ್ಳಿ. ಸ್ಟಾಕ್ ರಿಜಿಸ್ಟರ್ ಇದೆ, ಕಪಾಟು ಇದೆ, ಓದುವವರು ನೋಡುವ ಪಟ್ಟಿಯೂ ಇದೆ. ಲಿನಕ್ಸಿನಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂದರೆ ಸ್ಟಾಕ್ ರಿಜಿಸ್ಟರ್. ಫಾಂಟಿನ ಕಡತಗಳಿರುವ ಫೋಲ್ಡರ್ ಕಪಾಟು. 'ಫಾಂಟ್‌ಕಾನ್ಫಿಗ್' ಎಂಬುದು ಪಟ್ಟಿ. ಲಿಬ್ರೆಆಫೀಸ್ ಆಗಲಿ ಬೇರೆ ಪ್ರೋಗ್ರಾಮ್ ಆಗಲಿ ಫಾಂಟ್ ಬೇಕಾದಾಗ ಕೇಳುವುದು ಈ ಪಟ್ಟಿಯನ್ನು, ರಿಜಿಸ್ಟರನ್ನಲ್ಲ.

ಹಾಗಾಗಿ ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು.

ರಿಜಿಸ್ಟರಿಗೆ: 'ಡಿಪಿಕೆಜಿ', ಖಾಲಿ ಜಾಗ, ಹೈಫನ್, 'ಎಲ್', ಖಾಲಿ ಜಾಗ, ಪ್ಯಾಕೇಜಿನ ಹೆಸರು. ಸಾಲಿನ ಆರಂಭದಲ್ಲಿ 'ಐಐ' ಬಂದರೆ ಪ್ಯಾಕೇಜ್ ಕೂತಿದೆ. ಕನ್ನಡಕ್ಕೆ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳ ಪ್ಯಾಕೇಜುಗಳಿವೆ. 'ಫಾಂಟ್ಸ್-ಗುಬ್ಬಿ', 'ಫಾಂಟ್ಸ್-ನವಿಲು' ಹೀಗೆ ಹೆಸರು.

ಕಪಾಟಿಗೆ: ಅದೇ 'ಡಿಪಿಕೆಜಿ'ಗೆ ಹೈಫನ್ ಮತ್ತು ದೊಡ್ಡ 'ಎಲ್' ಕೊಟ್ಟರೆ ಪ್ಯಾಕೇಜ್ ಯಾವ ಕಡತವನ್ನು ಎಲ್ಲಿ ಇಟ್ಟಿದೆ ಅಂತ ಹೇಳುತ್ತದೆ.

ಪಟ್ಟಿಗೆ: 'ಎಫ್‌ಸಿ-ಲಿಸ್ಟ್', ಖಾಲಿ ಜಾಗ, ಕೋಲನ್, 'ಲ್ಯಾಂಗ್', ಸಮಚಿಹ್ನೆ, 'ಕೆಎನ್'. ಕನ್ನಡ ಬರೆಯಬಲ್ಲ ಫಾಂಟುಗಳು ಮಾತ್ರ ಸಾಲಾಗಿ ಬರುತ್ತವೆ. 'ಎಫ್‌ಸಿ-ಮ್ಯಾಚ್' ಮುಂದೆ ಫಾಂಟಿನ ಹೆಸರು ಕೊಟ್ಟರೆ, ಆ ಹೆಸರು ಕೇಳಿದಾಗ ನಿಜವಾಗಿ ಯಾವ ಫಾಂಟ್ ಸಿಗುತ್ತದೆ ಎಂದು ತಿಳಿಯುತ್ತದೆ. ಗುಬ್ಬಿ ಕೇಳಿದರೆ ಬೇರೆ ಹೆಸರು ಬಂತೋ, ಗುಬ್ಬಿ ಪಟ್ಟಿಯಲ್ಲಿಲ್ಲ. ಲಿಬ್ರೆಆಫೀಸಿನ ಮೇಲ್ಪಟ್ಟಿಯಲ್ಲಿ 'ಗುಬ್ಬಿ' ಎಂದು ಕಂಡರೂ ನಂಬಬೇಡಿ. ಕಡತ ಕೇಳುತ್ತಿರುವ ಹೆಸರು ಅದು, ಸಿಕ್ಕಿದ ಫಾಂಟ್ ಅದೇ ಆಗಿರಬೇಕೆಂದಿಲ್ಲ.

ಯಾರ ಲಾಗಿನ್?

ನನ್ನ ಲಾಗಿನ್ನಿನಲ್ಲಿ ಕೇಳಿದೆ: ಪಟ್ಟಿಯಲ್ಲಿ ಗುಬ್ಬಿ ಇದೆ. ಶಾಲೆಯ ಸಾಮಾನ್ಯ ಲಾಗಿನ್ನಿನಲ್ಲಿ ಕೇಳಿದೆ: ಒಂದೂ ಇಲ್ಲ. ರಿಜಿಸ್ಟರಿಗೆ ಕೇಳಿದೆ: ಅಂಥ ಪ್ಯಾಕೇಜೇ ಇಲ್ಲ!

ಆಗ ನೆನಪಾಯಿತು. ರಜೆಯಲ್ಲಿ ನೆಟ್ ಇರಲಿಲ್ಲ. ಫಾಂಟಿನ ಕಡತವನ್ನು ಪೆನ್‌ಡ್ರೈವಿನಿಂದ ತೆರೆದು 'ಇನ್‌ಸ್ಟಾಲ್' ಒತ್ತಿದ್ದೆ. ಹಾಗೆ ಮಾಡಿದರೆ ಫಾಂಟ್ ಹೋಗಿ ಕೂರುವುದು ನನ್ನ ಹೋಮ್ ಫೋಲ್ಡರಿನೊಳಗೆ. ಪುಸ್ತಕ ಲೈಬ್ರರಿಗೆ ತಂದೆ ಅಂದುಕೊಂಡಿದ್ದೆ, ಇಟ್ಟದ್ದು ನನ್ನ ಚೀಲದಲ್ಲಿ. ನನಗೆ ಓದಲಿಕ್ಕೆ ಸಿಗುತ್ತದೆ, ಮಕ್ಕಳಿಗೆ ಸಿಗುವುದಿಲ್ಲ.

ಮೊಬೈಲಿನ ನೆಟ್ ಕೊಟ್ಟು 'ಸುಡೊ ಏಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ' ಎಂದೆ. ಪ್ಯಾಕೇಜ್ ಸಿಗಲಿಲ್ಲ ಎಂದಿತು. ಮೊದಲು 'ಸುಡೊ ಏಪ್ಟ್ ಅಪ್‌ಡೇಟ್' ಕೊಟ್ಟು ಸೂಚಿ ಹೊಸದು ಮಾಡಿದ ಮೇಲೆ ಸಿಕ್ಕಿತು. ಪ್ಯಾಕೇಜ್ ಮೂಲಕ ಬಂದ ಫಾಂಟ್ ಎಲ್ಲ ಲಾಗಿನ್ನಿಗೂ ಸೇರಿದ ಫೋಲ್ಡರಿಗೆ ಹೋಗುತ್ತದೆ, ಪಟ್ಟಿಯೂ ತಾನಾಗಿ ಹೊಸದಾಗುತ್ತದೆ. ತೆರೆದಿದ್ದ ಲಿಬ್ರೆಆಫೀಸನ್ನು ಮುಚ್ಚಿ ಮತ್ತೆ ತೆರೆದೆ. ಚೌಕಗಳು ಹೋದವು.

ಕೈಯಾರೆ ನಕಲು ಮಾಡಿದವರು 'ಎಫ್‌ಸಿ-ಕ್ಯಾಷ್' ಮುಂದೆ ಹೈಫನ್ 'ಎಫ್‌ವಿ' ಕೊಟ್ಟು ಪಟ್ಟಿಯನ್ನು ಹೊಸದು ಮಾಡಬೇಕು. ಕಡತವನ್ನು ಎಲ್ಲರೂ ಓದುವ ಅನುಮತಿ ಇದೆಯೇ ಎಂದೂ ನೋಡಬೇಕು. ಪಟ್ಟಿಯಲ್ಲಿ ಇದ್ದೂ ಒಂದೇ ಪ್ರೋಗ್ರಾಮಿನಲ್ಲಿ ಕಾಣದಿದ್ದರೆ, ಅದು ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಆಗಿರಬಹುದು. ಅವು ತಮ್ಮದೇ ಬೇಲಿಯೊಳಗೆ ಓಡುವಂಥವು.

ಪರೀಕ್ಷೆಗೆ ಮುಂಚೆ

ಈಗ ನಾನು ಎರಡು ಕೆಲಸ ತಪ್ಪಿಸುವುದಿಲ್ಲ. ಪ್ರಶ್ನೆಪತ್ರಿಕೆಯನ್ನು ಪಿಡಿಎಫ್ ಮಾಡಿಯೂ ತರುತ್ತೇನೆ. ಲಿಬ್ರೆಆಫೀಸ್ ಮಾಡುವ ಪಿಡಿಎಫ್‌ನೊಳಗೆ ಫಾಂಟೂ ಸೇರಿರುತ್ತದೆ. ಹಿಂದಿನ ದಿನವೇ, ಪ್ರಿಂಟ್ ತೆಗೆಯುವ ಅದೇ ಯಂತ್ರದಲ್ಲಿ, ಅದೇ ಲಾಗಿನ್ನಿನಲ್ಲಿ 'ಸೂರ್ಯ, ರಾಷ್ಟ್ರ, ಸ್ತ್ರೀ, ಲಕ್ಷ್ಯ, ವಿಜ್ಞಾನ' ಎಂಬ ಐದು ಪದ ಟೈಪ್ ಮಾಡಿ ನೋಡುತ್ತೇನೆ. ಅರ್ಕಾವೊತ್ತು, ಎರಡು ಒತ್ತು, ದೀರ್ಘ ಎಲ್ಲ ಅದರಲ್ಲಿ ಬಂತು.

ಐಟಿ ಪಿರಿಯಡಿನಲ್ಲಿ ಮಕ್ಕಳಿಗೂ ಇದನ್ನು ಮಾಡಿಸಿದೆ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸುವುದು, ಏನಾಯಿತು ಎಂದು ಬರೆದಿಡುವುದು. ಪ್ರಯೋಗ ಎಂದರೆ ಇದೇ ಅಲ್ಲವೇ? ಚೌಕ ಎಣಿಸಿದ ಹುಡುಗಿಯೇ ಎರಡು ಲಾಗಿನ್ನಿನ ಪಟ್ಟಿಗಳನ್ನು ಅಕ್ಕಪಕ್ಕ ಬರೆದು, "ಟೀಚರೇ, ಇದರಲ್ಲಿ ಗುಬ್ಬಿ ಇಲ್ಲ" ಅಂತ ತೋರಿಸಿದಳು.