ಸಿಂಗಾಪುರ, ಹಾಂಗ್‌ಕಾಂಗ್: ಮನೆ ವಿಚಾರದಲ್ಲಿ ಯಾಕಿಷ್ಟು ವ್ಯತ್ಯಾಸ?

ಸಿಂಗಾಪುರ, ಹಾಂಗ್‌ಕಾಂಗ್ ಎರಡರಲ್ಲೂ ಜಾಗದ ಕೊರತೆ. ಎರಡರಲ್ಲೂ ಸರ್ಕಾರಿ ವಸತಿ ಯೋಜನೆಗೆ ವೇಗ ಸಿಕ್ಕಿದ್ದು ಗುಡಿಸಲು ಪ್ರದೇಶಗಳಿಗೆ ಬೆಂಕಿ ಬಿದ್ದ ನಂತರ. 1953ರಲ್ಲಿ ಹಾಂಗ್‌ಕಾಂಗ್‌ನ ಶೆಕ್ ಕಿಪ್ ಮೇಯಲ್ಲಿ 50 ಸಾವಿರಕ್ಕೂ ಹೆಚ್ಚು, 1961ರಲ್ಲಿ ಸಿಂಗಾಪುರದ ಬುಕಿತ್ ಹೋ ಸ್ವೀಯಲ್ಲಿ ಸುಮಾರು 16 ಸಾವಿರ ಮಂದಿ ಮನೆ ಕಳೆದುಕೊಂಡಿದ್ದರು.

ಮುಂದಿನ ಹಾದಿ ಮಾತ್ರ ಬೇರೆಯಾಯಿತು. ಸಿಂಗಾಪುರ ಸರ್ಕಾರಿ ಫ್ಲ್ಯಾಟ್‌ಗಳನ್ನು 99 ವರ್ಷದ ಲೀಸ್‌ಗೆ ಮಾರಿತು. 1968ರಿಂದ ಭವಿಷ್ಯ ನಿಧಿಯ ಹಣದಲ್ಲೇ ಕಂತು ಕಟ್ಟಲು ಅವಕಾಶ ಕೊಟ್ಟಿತು. ಇಂದು ಅಲ್ಲಿನ ನಾಗರಿಕರು, ಕಾಯಂ ನಿವಾಸಿಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಇರುವುದು ಇಂಥ ಫ್ಲ್ಯಾಟ್‌ಗಳಲ್ಲೇ.

ಹಾಂಗ್‌ಕಾಂಗ್ ಹೆಚ್ಚಾಗಿ ಕಟ್ಟಿದ್ದು ಬಾಡಿಗೆ ಮನೆಗಳನ್ನು. ಅವು ಸಾಲದೆ ಬಡವರು ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಅನೇಕರಿಗೆ ಒಂದೇ ಫ್ಲ್ಯಾಟನ್ನು ಹಲವು ಪಾಲು ಮಾಡಿದ ಇಕ್ಕಟ್ಟಿನ ಕೋಣೆಯೇ ಗತಿ. ಅಡುಗೆ, ನಿದ್ದೆ, ಮಕ್ಕಳ ಓದು ಎಲ್ಲವೂ ಅಲ್ಲೇ.