ಪೀಠ ಬಿಟ್ಟುಕೊಡುವ ವಿದ್ಯೆ

ಧಾರವಾಡದಿಂದ ಸವದತ್ತಿಯ ದಾರಿ ಹಿಡಿದು ಹತ್ತು-ಹನ್ನೆರಡು ಕಿಲೋಮೀಟರು ಸಾಗಿದರೆ ಸಿಕ್ಕುವ ಅಮ್ಮಿನಬಾವಿಯು ತನ್ನ ಪ್ರಾಚೀನ ಬಸದಿ, ಮಠ, ದೇಸಗತಿಯ ವಾಡೆಗಳಿಂದ ಪ್ರಸಿದ್ಧವಾದ ಗ್ರಾಮವಾದರೂ, ಇಂದಿನ ಹುಬ್ಬಳ್ಳಿ-ಧಾರವಾಡದ ಗೃಹಸ್ಥನಿಗೆ ಅದರ ಹೆಸರು ನೆನಪಾಗುವುದು ಬಹುಮಟ್ಟಿಗೆ ನಲ್ಲಿಯಲ್ಲಿ ನೀರು ಬಾರದ ದಿನ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಜಲಾಶಯದಿಂದ ಎತ್ತಿ ತಂದ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಅವಳಿ ನಗರದ ಕಡೆಗೆ ಹರಿಯುತ್ತದೆ. ಯಾವ ಓಣಿಗೆ ಎಷ್ಟು, ಯಾವಾಗ ಎಂಬುದನ್ನು ನಡುವಣ ಕವಾಟಗಳು ನಿರ್ಣಯಿಸುತ್ತವೆ. ನೀರನ್ನು ಎಲ್ಲರೂ ಕಾಣುತ್ತಾರೆ, ಕವಾಟವನ್ನು ಕಾಣುವವರು ವಿರಳ. ಅಂತರ್ಜಾಲವೆಂಬ ಮಹಾಪ್ರವಾಹಕ್ಕೂ ಇಂತಹ ಕವಾಟಗಳುಂಟು. ಅವನ್ನು ನಿರ್ಮಿಸಿ ಅಪಾರ ಸಂಪತ್ತನ್ನು ಗಳಿಸಿ, ಅನಂತರ ಆ ಸಂಪತ್ತಿನ ಒಂದು ಭಾಗವನ್ನು ಇತರರ ಸಾಹಸಗಳಲ್ಲಿ ಹೂಡುವುದನ್ನೇ ವೃತ್ತಿಯಾಗಿಸಿಕೊಂಡ ಗುರುರಾಜ ದೇಶಪಾಂಡೆಯವರು ಈ ಸೀಮೆಯವರೇ ಎಂಬುದು ಇಲ್ಲಿಯವರಿಗೆ ಹೆಮ್ಮೆಯ ಸಂಗತಿ. ಹೆಮ್ಮೆಪಡುವುದು ಸುಲಭ, ಅವರು ಮಾಡಿದ್ದೇನೆಂಬುದನ್ನು ವಿಚಾರಿಸುವ ಗೋಜಿಗೆ ನಾವು ಹೆಚ್ಚಾಗಿ ಹೋಗಿಲ್ಲ.

ಹುಬ್ಬಳ್ಳಿಯಲ್ಲಿ 1950ರಲ್ಲಿ ಜನಿಸಿದ ದೇಶಪಾಂಡೆಯವರು ಮದರಾಸಿನ ಐಐಟಿಯಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿಯನ್ನು 1973ರಲ್ಲಿ ಪಡೆದು, ಕೆನಡಾಕ್ಕೆ ತೆರಳಿ, ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನೂ ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟನ್ನೂ ಪೂರೈಸಿದರು. ಪ್ರಾಧ್ಯಾಪಕರಾಗಿಯೇ ಉಳಿಯಬಹುದಾಗಿದ್ದ ಅವರನ್ನು ಮೊಟರೋಲಾದ ಅಂಗಸಂಸ್ಥೆಯಾದ ಕೋಡೆಕ್ಸ್ ಕಂಪನಿಯ ಟೊರಾಂಟೊ ಶಾಖೆಗೆ ಕರೆದುಕೊಂಡವರು ಅವರ ಗುರುಗಳೇ. ಅವರ ಪತ್ನಿ ಜಯಶ್ರೀಯವರು ಹುಬ್ಬಳ್ಳಿಯ ಕುಲಕರ್ಣಿ ಮನೆತನದವರು, ಸುಧಾ ಮೂರ್ತಿಯವರ ಸಹೋದರಿ. ಒಂದೇ ಮನೆತನದ ಇಬ್ಬರು ಅಳಿಯಂದಿರಲ್ಲಿ ಒಬ್ಬರು ಬೆಂಗಳೂರಿನಲ್ಲಿಯೂ ಮತ್ತೊಬ್ಬರು ಬಾಸ್ಟನ್ನಿನ ಹೊರವಲಯದಲ್ಲಿಯೂ ಕಂಪನಿ ಕಟ್ಟಿದರೆಂಬ ಸಂಗತಿಯನ್ನು ನಮ್ಮ ಕಡೆಯ ಮದುವೆಮನೆಗಳಲ್ಲಿ ಈಗಲೂ ರಸವತ್ತಾಗಿ ಹೇಳುವುದುಂಟು.

ಅವರ ಪ್ರಥಮ ಉದ್ಯಮವನ್ನು ಜನ ಸಾಮಾನ್ಯವಾಗಿ ಎರಡೇ ಮಾತಿನಲ್ಲಿ ದಾಟಿ ಮುಂದಕ್ಕೆ ಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಅವರ ಉತ್ತರಜೀವನದ ಬೀಜವೆಲ್ಲ ಅಲ್ಲಿಯೇ ಇದೆ. 1987ರಲ್ಲಿ ಒಬ್ಬ ಸಹಭಾಗಿಯೊಡನೆ ಆರಂಭಿಸಿದ ಕೋರಲ್ ನೆಟ್‌ವರ್ಕ್ಸ್ ಎಂಬ ಕಂಪನಿಯು ಯಾವ ದಿಕ್ಕಿನಲ್ಲಿ ಸಾಗಬೇಕೆಂಬ ವಿಷಯದಲ್ಲಿ ಇಬ್ಬರಿಗೂ ಸಮ್ಮತಿಯುಂಟಾಗದೆ ಹೋದಾಗ, ತಾವೇ ಹುಟ್ಟಿಸಿದ ಸಂಸ್ಥೆಯನ್ನು ಬಿಟ್ಟು ದೇಶಪಾಂಡೆಯವರು ಹೊರಬಂದರು. ಆ ಕಂಪನಿ 1993ರಲ್ಲಿ ಸುಮಾರು 1.5 ಕೋಟಿ ಡಾಲರಿಗೆ ಸಿನಾಪ್ಟಿಕ್ಸ್ ಸಂಸ್ಥೆಗೆ ಮಾರಾಟವಾಯಿತು. ಸೋಲೆಂದು ಇದನ್ನು ಕರೆಯಲಾಗದಿದ್ದರೂ ಗೆಲುವೆಂದೂ ಕರೆಯಲಾಗದು. ಯಂತ್ರ ಸರಿಯಾಗಿದ್ದೂ, ಮಾರುಕಟ್ಟೆ ಇದ್ದೂ, ಜೊತೆಗಾರರ ನಡುವಣ ಒಡಂಬಡಿಕೆ ಮುರಿದರೆ ಉದ್ಯಮವು ಹೇಗೆ ಕುಂಟುತ್ತದೆಂಬುದನ್ನು ಸ್ವಂತ ಹಾನಿಯಿಂದ ಕಲಿತವನಿಗೆ ಮುಂದೆ ಇನ್ನೊಬ್ಬರ ಕಂಪನಿಯ ಮೇಜಿನ ಎದುರು ಕುಳಿತಾಗ ಕಾಣುವುದೇ ಬೇರೆ. ಲೆಕ್ಕಪತ್ರಗಳಿಗಿಂತ ಮುಂಚೆ ಅವನು ಸ್ಥಾಪಕರು ಒಬ್ಬರನ್ನೊಬ್ಬರು ಯಾವ ರೀತಿ ನೋಡುತ್ತಾರೆಂಬುದನ್ನು ಗಮನಿಸುತ್ತಾನೆ.

ಕೋರಲ್ಲನ್ನು ಬಿಟ್ಟೊಡನೆ, 1990ರ ಸುಮಾರಿಗೆ, ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಹುಟ್ಟಿತು. ಸಂದೇಶಗಳನ್ನು ಸಣ್ಣ ಸಣ್ಣ ಚೌಕಟ್ಟುಗಳಾಗಿ ಒಡೆದು, ಒಂದೇ ತಂತಿಯ ಮೇಲೆ ಅನೇಕ ಗಿರಾಕಿಗಳ ಸಂಚಾರವನ್ನು ಕಲಸದಂತೆ ಸಾಗಿಸುವ ಫ್ರೇಮ್ ರಿಲೇ ಎಂಬ ಪದ್ಧತಿಗೆ ಬೇಕಾದ ಸ್ವಿಚ್ಚುಗಳನ್ನು ಅದು ತಯಾರಿಸುತ್ತಿತ್ತು. ದೂರವಾಣಿ ಕಂಪನಿಗಳು ತಮ್ಮ ಗಿರಾಕಿಗಳಿಗೆ ಪ್ರತ್ಯೇಕ ತಂತಿಯೊಂದನ್ನು ಮೀಸಲಿಡುವ ದುಬಾರಿ ವ್ಯವಸ್ಥೆಯಿಂದ ಬಿಡುಗಡೆ ಹೊಂದಲು ಹಾತೊರೆಯುತ್ತಿದ್ದ ಕಾಲವದು; ಅದರ ಬೆನ್ನಿಗೇ ಅಂತರ್ಜಾಲವು ಜನಸಾಮಾನ್ಯರ ಮನೆಗೆ ಬಂದುದರಿಂದ, ಸಂಚಾರದ ಬಹುಭಾಗ ಕ್ಯಾಸ್ಕೇಡಿನ ಪೆಟ್ಟಿಗೆಗಳ ಮೂಲಕವೇ ಹಾಯತೊಡಗಿತು. ಇಲ್ಲಿ ದೇಶಪಾಂಡೆಯವರು ಮಾಡಿದ ಒಂದು ಕಾರ್ಯ ನನಗೆ ಎಲ್ಲಕ್ಕಿಂತ ಗಮನಾರ್ಹವಾಗಿ ತೋರುತ್ತದೆ. ಕಂಪನಿ ಇನ್ನೂ ಎಳೆಯದಾಗಿದ್ದಾಗಲೇ, ಮಾರಾಟದಲ್ಲಿಯೂ ಆಡಳಿತದಲ್ಲಿಯೂ ತಮಗಿಂತ ನುರಿತವರೆಂದು ಕಂಡ ಡೇನಿಯಲ್ ಸ್ಮಿತ್ ಎಂಬುವರನ್ನು ಕರೆತಂದು, ಮುಖ್ಯಾಧಿಕಾರಿಯ ಪೀಠದಲ್ಲಿ ಕುಳ್ಳಿರಿಸಿ, ಸ್ಥಾಪಕರಾದ ತಾವು ಅವರ ಕೆಳಗೆ ಕೆಲಸ ಮಾಡಿದರು. ನಮ್ಮಲ್ಲಿ ಅಂಗಡಿಯ ಗಲ್ಲೆಯ ಮೇಲಿಂದ ಅಪ್ಪನನ್ನು ಎಬ್ಬಿಸಲು ಮಗನಿಗೆ ಐವತ್ತು ವರ್ಷ ತುಂಬಬೇಕಾಗುತ್ತದೆ! 1997ರಲ್ಲಿ ಅಸೆಂಡ್ ಕಮ್ಯುನಿಕೇಷನ್ಸ್ ಸಂಸ್ಥೆಯು ಕ್ಯಾಸ್ಕೇಡನ್ನು ಕೊಂಡಾಗ ಅದರ ಬೆಲೆ 370 ಕೋಟಿ ಡಾಲರು.

ಸಿಕಮೋರ್ ನೆಟ್‌ವರ್ಕ್ಸಿನ ಕಥೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಹೆಚ್ಚು ವಿಷಾದಕರವೂ ಹೌದು. ಎಂಐಟಿಯ ಸಂಶೋಧನಾಲಯದಿಂದ ಬಂದ ಇಬ್ಬರು ವಿಜ್ಞಾನಿಗಳು, ರಿಕ್ ಬ್ಯಾರಿ ಮತ್ತು ಎರಿಕ್ ಸ್ವಾನ್ಸನ್, ಬೆಳಕಿನ ಎಳೆಗಳ ಮೂಲಕವೇ ಸಂದೇಶಗಳನ್ನು ನಿರ್ದೇಶಿಸುವ ಉಪಾಯವೊಂದನ್ನು ಮುಂದಿಟ್ಟಾಗ, ಅದರಲ್ಲಿ ಹಣ ಹೂಡುವುದಕ್ಕಿಂತ ತಾವೂ ಸ್ಮಿತ್‌ರೂ ಸ್ವತಃ ಸೇರಿಬಿಡುವುದೇ ಲೇಸೆಂದು ದೇಶಪಾಂಡೆಯವರಿಗೆ ತೋರಿ, 1998ರಲ್ಲಿ ಕಂಪನಿ ಸ್ಥಾಪನೆಯಾಯಿತು. 1999ರ ಅಕ್ಟೋಬರ್ 22ರಂದು ಅದರ ಷೇರುಗಳು 38 ಡಾಲರಿನ ಬೆಲೆಗೆ ಸಾರ್ವಜನಿಕರಿಗೆ ಬಿಡುಗಡೆಯಾಗಿ, ಅಂದು ಸಂಜೆಯೊಳಗೆ 184 ಡಾಲರನ್ನು ದಾಟಿದುವು. ಅಲ್ಲಿಯ ತನಕ ಒಂದೇ ಒಂದು ದೊಡ್ಡ ಗಿರಾಕಿಯನ್ನು ಹೊಂದಿದ್ದ, ಹಿಂದಿನ ಆರ್ಥಿಕ ವರ್ಷದಲ್ಲಿ ಒಂದು ಕೋಟಿ ಡಾಲರಿಗೆ ತುಸು ಮೇಲ್ಪಟ್ಟ ಮಾರಾಟ ಮಾಡಿದ್ದ ಸಂಸ್ಥೆಗೆ ಮಾರುಕಟ್ಟೆಯು ಒಂದೇ ದಿನದಲ್ಲಿ ಕಟ್ಟಿದ ಬೆಲೆ 1,400 ಕೋಟಿ ಡಾಲರನ್ನು ಮೀರಿತ್ತು. ಹುಬ್ಬಳ್ಳಿಯಲ್ಲಿ ಹುಟ್ಟಿದವರೊಬ್ಬರ ಹೆಸರು ಕೆಲವು ಕಾಲ ಜಗತ್ತಿನ ಅತ್ಯಂತ ಶ್ರೀಮಂತರ ಪಟ್ಟಿಯಲ್ಲಿ ವಿರಾಜಿಸಿತು.

ಆಮೇಲೆ 2000ದ ವರ್ಷದ ಮಾರ್ಚಿನಿಂದ ಆರಂಭವಾದ ಪತನದಲ್ಲಿ ದೂರಸಂಪರ್ಕ ಕಂಪನಿಗಳು ಒಂದರ ಹಿಂದೊಂದು ಕುಸಿದು, ಹಾಸಿದ ಬೆಳಕಿನ ಎಳೆಗಳಲ್ಲಿ ಬಹುಪಾಲು ಉಪಯೋಗಕ್ಕೇ ಬಾರದೆ ಮಣ್ಣಿನಡಿ ಉಳಿದು, ಸಿಕಮೋರಿನ ಯಂತ್ರಗಳನ್ನು ಕೇಳುವವರೇ ಇಲ್ಲವಾದರು. ಆದಾಗ್ಯೂ ಕಂಪನಿ ದಿವಾಳಿಯಾಗಲಿಲ್ಲ: ಉಬ್ಬರದ ಕಾಲದಲ್ಲಿ ಸಂಗ್ರಹಿಸಿದ ಹಣದ ರಾಶಿ ಅದರ ಖಜಾನೆಯಲ್ಲಿ ವರ್ಷಾನುವರ್ಷ ನಿಷ್ಕ್ರಿಯವಾಗಿ ಕುಳಿತಿತ್ತು. ಆ ಹಣವನ್ನು 2009ರಿಂದೀಚೆಗೆ ವಿಶೇಷ ಲಾಭಾಂಶಗಳ ರೂಪದಲ್ಲಿ ಷೇರುದಾರರಿಗೆ ಹಂಚಿ, ಉಳಿದ ಮುಖ್ಯ ವ್ಯವಹಾರವನ್ನು ಎರಡು ಕೋಟಿ ಡಾಲರಿಗೂ ಕಡಿಮೆ ಬೆಲೆಗೆ ಮಾರಿ, 2013ರಲ್ಲಿ ಕಂಪನಿಯನ್ನು ವಿಸರ್ಜಿಸಲಾಯಿತು. ದೇಶಪಾಂಡೆಯವರ ಪ್ರಶಂಸಕರು ಈ ಅಧ್ಯಾಯವನ್ನು ಮೆಲ್ಲನೆ ಮಗುಚಿಬಿಡುವುದು ನನಗೆ ಸರಿದೋರದು. ಮೊದಲ ದಿನದ ಸಂಜೆಯ ಬೆಲೆಗೆ ಷೇರು ಕೊಂಡ ಸಾಮಾನ್ಯ ಹೂಡಿಕೆದಾರನು ಅನುಭವಿಸಿದ ನಷ್ಟವೂ ಈ ಚರಿತ್ರೆಯ ಭಾಗವೇ. ಆ ಬೆಲೆಯನ್ನು ಕಟ್ಟಿದ್ದು ಸ್ಥಾಪಕರಲ್ಲ, ಉನ್ಮತ್ತ ಮಾರುಕಟ್ಟೆ ಎಂಬ ಸಮಾಧಾನ ಆ ಹೂಡಿಕೆದಾರನಿಗೆ ಊಟಕ್ಕಾಗದು.

ಹೂಡಿಕೆದಾರರಾಗಿ ದೇಶಪಾಂಡೆಯವರ ವೃತ್ತಾಂತವು ಈ ಪತನಕ್ಕೆ ಸಮಾನಾಂತರವಾಗಿ ಬೆಳೆದುದು. 2000ದಲ್ಲಿ ಬೆಂಗಳೂರಿನಲ್ಲಿ ಸಂಜಯ ನಾಯಕ್ ಮತ್ತು ಸಂಗಡಿಗರು ಆರಂಭಿಸಿದ ತೇಜಸ್ ನೆಟ್‌ವರ್ಕ್ಸಿಗೆ ಅವರು ಬಂಡವಾಳವನ್ನೂ ಅಧ್ಯಕ್ಷತೆಯನ್ನೂ ಇತ್ತರು. ದಿನದಿನದ ಸಾರಥ್ಯವನ್ನು ನಾಯಕ್‌ರಿಗೇ ಬಿಟ್ಟರು. ಭಾರತದಲ್ಲಿ ದೂರಸಂಪರ್ಕ ಯಂತ್ರಗಳನ್ನು ಸ್ವತಃ ವಿನ್ಯಾಸಗೊಳಿಸಿ ತಯಾರಿಸುವ ಕಂಪನಿ ನಿಲ್ಲಲಾರದೆಂಬ ಅಭಿಪ್ರಾಯ ಪ್ರಬಲವಾಗಿದ್ದ ಕಾಲದಲ್ಲಿ ಅದು ನಿಂತಿತು; 2017ರಲ್ಲಿ ಷೇರುಪೇಟೆಗೆ ಬಂದಿತು; 2021ರಲ್ಲಿ ಟಾಟಾ ಸಮೂಹವು ಅದರ ಒಡೆತನ ಪಡೆಯಲು ಮುಂದಾಯಿತು; ಬಿಎಸ್‌ಎನ್‌ಎಲ್‌ನ 4ಜಿ ಜಾಲಕ್ಕೆ ಯಂತ್ರಗಳನ್ನು ಒದಗಿಸುವ ಭಾಗ್ಯವೂ ಅದಕ್ಕೆ ಒದಗಿತು. ಮೊದಲ ಹಣದಿಂದ ಷೇರುಪೇಟೆಯವರೆಗೆ ಹದಿನೇಳು ವರ್ಷ. ಇಂದು ಮೂರು ವರ್ಷಗಳಲ್ಲಿ 'ಎಕ್ಸಿಟ್' ಬೇಕೆನ್ನುವ ಆತುರದ ಬಂಡವಾಳಗಾರರಿಗೆ ಇದು ಅಜೀರ್ಣದ ಸಂಗತಿ.

ಎಲ್ಲವೂ ಹೀಗೆ ಫಲಿಸಲಿಲ್ಲ. ಎಂಐಟಿಯ ಸಂಶೋಧನೆಯನ್ನು ಆಧರಿಸಿ 2001ರಲ್ಲಿ ಹುಟ್ಟಿದ ಎ123 ಸಿಸ್ಟಮ್ಸ್ ಎಂಬ ಬ್ಯಾಟರಿ ಕಂಪನಿಯ ಅಧ್ಯಕ್ಷರಾಗಿದ್ದವರೂ ಅವರೇ. ಅಮೆರಿಕ ಸರಕಾರದ ಭಾರಿ ಅನುದಾನವನ್ನೂ 2009ರಲ್ಲಿ ಷೇರುಪೇಟೆಯ ಅದ್ದೂರಿ ಸ್ವಾಗತವನ್ನೂ ಪಡೆದ ಆ ಕಂಪನಿ, ವಿದ್ಯುತ್ ಕಾರುಗಳ ಬೇಡಿಕೆ ನಿರೀಕ್ಷಿಸಿದಷ್ಟು ಬೇಗ ಬಾರದೆ, ದೋಷವುಳ್ಳ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಖರ್ಚೂ ಮೇಲೆ ಬಿದ್ದು, 2012ರಲ್ಲಿ ದಿವಾಳಿಯಾಯಿತು. ಹತ್ತು ಕಡೆ ಬಿತ್ತಿ ಒಂದೆರಡು ಕಡೆ ಮಾತ್ರ ಹುಲುಸಾದ ಬೆಳೆ ಪಡೆಯುವ ಈ ವ್ಯವಸಾಯದ ನಿಯಮವೇ ಅದು. ಸಾಲ ಕೊಟ್ಟವನು ಪ್ರತಿಯೊಬ್ಬನಿಂದಲೂ ಬಡ್ಡಿ ನಿರೀಕ್ಷಿಸುತ್ತಾನೆ, ಪಾಲು ಕೊಂಡವನು ಬಹುಮಂದಿಯ ವೈಫಲ್ಯವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾನೆ. ಇದರ ನಡುವೆ, 2002ರಲ್ಲಿ, ದೇಶಪಾಂಡೆ ದಂಪತಿಗಳು ಎಂಐಟಿಗೆ ಎರಡು ಕೋಟಿ ಡಾಲರುಗಳನ್ನಿತ್ತು ಒಂದು ಕೇಂದ್ರವನ್ನು ಸ್ಥಾಪಿಸಿದರು. ಪ್ರಯೋಗಶಾಲೆಯ ಶೋಧನೆಯು ಬಂಡವಾಳಗಾರನ ಕಣ್ಣಿಗೆ ಬೀಳುವಷ್ಟು ಪಕ್ವವಾಗುವ ಮುನ್ನ ಒಣಗಿಹೋಗದಂತೆ ಅದಕ್ಕೆ ಅಲ್ಪಸ್ವಲ್ಪ ಧನವನ್ನೂ ಅನುಭವಿಗಳ ಸಲಹೆಯನ್ನೂ ಒದಗಿಸುವುದು ಅದರ ಕೆಲಸ. ಹೊಸತನವೊಂದೇ ಸಾಲದು, ಅದು ಯಾರದಾದರೂ ನಿಜವಾದ ಅಗತ್ಯಕ್ಕೆ ಸಂಗತವಾದರೆ ಮಾತ್ರ ಪರಿಣಾಮ ಉಂಟಾಗುತ್ತದೆ ಎಂಬುದು ಅವರು ಸಭೆಸಭೆಗಳಲ್ಲಿ ಪುನರುಚ್ಚರಿಸುವ ಮಾತಿನ ತಾತ್ಪರ್ಯ.

ಈ ತಾತ್ಪರ್ಯದ ಕಠಿಣ ಪರೀಕ್ಷೆ ನಡೆದುದು ನಮ್ಮ ಎರೆಹೊಲಗಳಲ್ಲಿ. 1996ರಲ್ಲಿ ಆರಂಭವಾಗಿದ್ದ ದೇಶಪಾಂಡೆ ಫೌಂಡೇಷನ್ 2007ರ ಹೊತ್ತಿಗೆ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು, ಸೀಮಿತವಾದ ಒಂದು ಪ್ರದೇಶದಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಹೂಡಿ, ನಿಂತುದನ್ನು ಬೆಳೆಸಿ ನಿಲ್ಲದುದನ್ನು ಕೈಬಿಡುವ 'ಸ್ಯಾಂಡ್‌ಬಾಕ್ಸ್' ಕ್ರಮವನ್ನು ಪ್ರಾರಂಭಿಸಿತು. ಅಕ್ಷಯಪಾತ್ರದ ಹುಬ್ಬಳ್ಳಿ ಅಡುಗೆಮನೆಗೆ ನೆರವು, ಕಾಲೇಜು ಹುಡುಗರು ತಮ್ಮ ಊರಿನ ಒಂದು ತೊಂದರೆಯನ್ನು ಹಿಡಿದು ಬಿಡಿಸುವ ಲೀಡ್ ಕಾರ್ಯಕ್ರಮ, ಉದ್ಯೋಗ ತರಬೇತಿ, ಹೀಗೆ ಬಗೆಬಗೆಯ ಕಾರ್ಯಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದುದು ಕೃಷಿಹೊಂಡ. ಅಮ್ಮಿನಬಾವಿಯಿಂದ ನವಲಗುಂದದ ತನಕ ಹಬ್ಬಿದ ಕಪ್ಪು ನೆಲಕ್ಕೆ ಮಳೆ ಬಿದ್ದಾಗ ಹೊಲದೊಳಗೆ ಕಾಲಿಡಲಾಗದಷ್ಟು ಕೆಸರು, ಹಿಂಗಾರಿ ಕೈಕೊಟ್ಟಾಗ ಕಾಲು ಹೋಗುವಷ್ಟು ಬಿರುಕು. ಕಡಲೆಗೋ ಜೋಳಕ್ಕೋ ಹೂವಿನ ಹೊತ್ತಿನಲ್ಲಿ ಒಂದು ನೀರು ದೊರೆತರೆ ಸಾಕು, ದೊರೆಯದಿದ್ದರೆ ಬೆಳೆಯೇ ಇಲ್ಲ. ಹೊಲದ ತಗ್ಗಿನಲ್ಲಿ ಹೊಂಡ ತೋಡಿ ಹರಿದುಹೋಗುವ ನೀರನ್ನು ತಡೆಯುವುದರಲ್ಲಿ ಹೊಸತನವೇನೂ ಇಲ್ಲ. ಆದರೆ ಪೂರ್ತಿ ದಾನ ಮಾಡದೆ ರೈತನೂ ತನ್ನ ಪಾಲು ಹಾಕುವಂತೆ ಏರ್ಪಡಿಸಿದುದು ಬಂಡವಾಳಗಾರನ ಬುದ್ಧಿ. ಪಾಲು ಹಾಕಿದವನು ಹೊಂಡದ ಹೂಳನ್ನೂ ತೆಗೆಯುತ್ತಾನೆ.

ಹುಬ್ಬಳ್ಳಿಯ ವಿಮಾನ ನಿಲ್ದಾಣದ ಪಕ್ಕದಲ್ಲಿ, ಗೋಕುಲ ರಸ್ತೆಯಲ್ಲಿರುವ ದೇಶಪಾಂಡೆ ಸ್ಟಾರ್ಟ್‌ಅಪ್ಸ್ ಎಂಬ ಪೋಷಣಾಕೇಂದ್ರ ಈ ಸರಣಿಯ ಇತ್ತೀಚಿನ ಕೊಂಡಿ. ಹೊಸ ಉದ್ಯಮಿಗೆ ಕೋಣೆ, ಯಂತ್ರ, ಸಲಹೆಗಾರ, ಮೊದಲ ಗಿರಾಕಿಯ ಪರಿಚಯ, ಎಲ್ಲವೂ ಅಲ್ಲಿ ದೊರೆಯುತ್ತವೆ. ಸರಕಾರವೂ 'ಬಿಯಾಂಡ್ ಬೆಂಗಳೂರು' ಎಂಬ ಘೋಷಣೆಯಡಿ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಉದ್ಯಮವಲಯವೆಂದು ಗುರುತಿಸಿದೆ. ಆದರೂ ತುಸು ಬೆಳೆದ ಕಂಪನಿಯು ದೊಡ್ಡ ಬಂಡವಾಳ ಬೇಕಾದೊಡನೆ ರಾತ್ರಿಯ ಬಸ್ಸು ಹಿಡಿದು ಬೆಂಗಳೂರಿಗೆ ಹೊರಡುವುದನ್ನು ಯಾವ ಕಟ್ಟಡವೂ ತಡೆಯಲಾರದು. ಬಾಸ್ಟನ್ನಿನ ಹಣ ಕೇಂದ್ರವನ್ನು ಕಟ್ಟಿಕೊಟ್ಟಿತು. ಅದರೊಳಗಿನ ಹುಡುಗನ ಕಂಪನಿಯಲ್ಲಿ ಪಾಲು ಕೊಳ್ಳಬೇಕಾದವರು ಇಲ್ಲಿಯವರೇ.

ಇಲ್ಲಿ ಹಣವಿಲ್ಲವೆನ್ನುವುದು ಸುಳ್ಳು. ಹತ್ತಿ, ಮೆಣಸಿನಕಾಯಿ, ಬಟ್ಟೆ, ಕಬ್ಬಿಣಗಳ ವ್ಯಾಪಾರದಲ್ಲಿ ಮೂರು ತಲೆಮಾರು ಗಳಿಸಿದ ಮನೆತನಗಳು ಅವಳಿ ನಗರದಲ್ಲಿ ಕಡಿಮೆಯಿಲ್ಲ. ಆ ಗಳಿಕೆಯೆಲ್ಲ ಊರ ಸುತ್ತಣ ಎನ್‌ಎ ಪ್ಲಾಟುಗಳಲ್ಲಿ ಬೇಲಿ ಹಾಕಿಸಿಕೊಂಡು ಮಲಗಿದೆ. ಅಂಥ ಸಾಹುಕಾರರಲ್ಲಿ ನನ್ನ ವಿನಂತಿ ಇಷ್ಟೆ: ಈ ವರ್ಷ ಕೊಳ್ಳಬೇಕೆಂದಿರುವ ಹತ್ತು ಪ್ಲಾಟುಗಳಲ್ಲಿ ಒಂದನ್ನು ಬಿಟ್ಟು, ಆ ಹಣವನ್ನು ಗೋಕುಲ ರಸ್ತೆಯಲ್ಲಿ ಕುಳಿತಿರುವ ಯಾವನಾದರೊಬ್ಬ ಹುಡುಗನ ಕಂಪನಿಯಲ್ಲಿ ಪಾಲಾಗಿ ಹಾಕಿರಿ, ಹಾಕಿದ ಮೇಲೆ ಅವನ ಕುರ್ಚಿಯಲ್ಲಿ ನಿಮ್ಮ ಅಳಿಯನನ್ನು ಕುಳ್ಳಿರಿಸಬೇಡಿರಿ, ದಿನಕ್ಕೆ ಮೂರು ಸಲ ಫೋನು ಮಾಡಿ ಲೆಕ್ಕವನ್ನೂ ಕೇಳಬೇಡಿರಿ.